ಹೊಳೆದದ್ದು ಸರಿ, ಉಳಿದದ್ದೆಲ್ಲಿ? ಜೀವಂತ ದೇಹದಲ್ಲಿ ಕಿಣ್ವದ ಕೆಲಸ ನೋಡಲು ಯಾವ ಪ್ರೋಬ್ ತರಿಸಬೇಕು

ಪ್ರಾಜೆಕ್ಟ್ ಹಂಚುವ ತಿಂಗಳು ಬಂತೆಂದರೆ ನಮ್ಮ ಲ್ಯಾಬಿನ ಬಾಗಿಲಲ್ಲಿ ಒಂದೇ ಪ್ರಶ್ನೆ. ವಿದ್ಯಾರ್ಥಿಗಳು ಮೊಬೈಲಿನಲ್ಲಿ ನಾಲ್ಕು ಕಂಪನಿಗಳ ಕ್ಯಾಟಲಾಗ್ ತೆರೆದುಕೊಂಡು ಬರುತ್ತಾರೆ. ನಾಲ್ಕರಲ್ಲೂ ಕಪ್ಪು ಹಿನ್ನೆಲೆಯ ಮೇಲೆ ಹಸಿರೋ ಕೆಂಪೋ ಮಿಂಚುವ ಚಿತ್ರ. "ಮೇಡಂ, ಇದ್ರಾಗೆ ಯಾವ್ದು ತರ್ಸಾನ?" ದಾವಣಗೆರೆಯ ಹುಡುಗರೂ ಕೇಳುತ್ತಾರೆ, ಚಳ್ಳಕೆರೆ, ಹೊಳಲ್ಕೆರೆ ಕಡೆಯವರೂ ಕೇಳುತ್ತಾರೆ. ಈಚೆಗೆ ಬೇರೆ ಕಾಲೇಜಿನ ಮೇಷ್ಟ್ರುಗಳೂ ಫೋನ್ ಮಾಡುತ್ತಿದ್ದಾರೆ. ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಪ್ರೋಬ್ ಎಂದರೆ ಬಾಯಿ ಕಟ್ಟಿದ ಬಣ್ಣ. ಬಣ್ಣದ ಅಣುವಿಗೆ ಸಕ್ಕರೆಯನ್ನೋ ಪೆಪ್ಟೈಡನ್ನೋ (ಪ್ರೋಟೀನಿನ ಚಿಕ್ಕ ತುಂಡು) ಅಂಟಿಸಿ ಅದರ ಹೊಳಪು ಅಡಗಿಸಿರುತ್ತಾರೆ. ಕಿಣ್ವ ಬಂದು ಆ ಗಂಟು ಕತ್ತರಿಸಿದರೆ ಬಣ್ಣ ಹೊಳೆಯುತ್ತದೆ. ಗುರಿಯ ಪ್ರೋಟೀನನ್ನು ಹುಡುಕಿ ಅಂಟುವ ಆಂಟಿಬಾಡಿ ಹಾಕಿದರೆ ಕಿಣ್ವ ಇದೆ ಅಂತ ಗೊತ್ತಾಗುತ್ತದೆ, ಅಷ್ಟೆ. ಅದು ಕೆಲಸ ಮಾಡುತ್ತಿದೆಯೋ ಸುಮ್ನೆ ಕೂತಿದೆಯೋ ಹೇಳುವುದು ಪ್ರೋಬ್. ಕ್ಯಾಟಲಾಗುಗಳು ಎಷ್ಟು ಹೊಳೆಯುತ್ತದೆ ಎಂದು ಕೊಚ್ಚಿಕೊಳ್ಳುತ್ತವೆ. ಹೊಳೆದ ಬಣ್ಣ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸಣ್ಣ ಅಕ್ಷರದಲ್ಲೂ ಬರೆಯುವುದಿಲ್ಲ. ನನ್ನ ಪ್ರಕಾರ ಆಯ್ಕೆ ನಿಂತಿರುವುದೇ ಅದರ ಮೇಲೆ.

ಮೊದಲು ನಿಮ್ಮ ಕಡೆ ಏನಿದೆ ನೋಡಿ

ಸೂಕ್ಷ್ಮದರ್ಶಕದ ಫಿಲ್ಟರ್‌ಗಳನ್ನು ಎಣಿಸಿ. ನಮ್ಮ ಕಡೆಯ ಬಹುತೇಕ ಕಾಲೇಜುಗಳಲ್ಲಿ ಮೂರು ಇರುತ್ತವೆ: ಡ್ಯಾಪಿ ಎಂಬ ಬಣ್ಣಕ್ಕೆ ನೀಲಿ, ಎಫ್‌ಐಟಿಸಿಗೆ ಹಸಿರು, ಟ್ರಿಟ್ಸಿಗೆ ಕಿತ್ತಳೆ-ಕೆಂಪು. ಸಿವೈ5 ಎಂಬ ಕಡುಗೆಂಪು ಫಿಲ್ಟರ್ ಇರುವುದು ಅಪರೂಪ. ಇದ್ದರೂ ಸಾಲದು. ಹಳೆಯ ಮರ್ಕ್ಯುರಿ ದೀಪ 650 ನ್ಯಾನೋಮೀಟರ್ (ಬೆಳಕಿನ ತರಂಗದ ಉದ್ದ, ಬಣ್ಣ ಹೇಳುವ ಅಂಕಿ) ಆಸುಪಾಸಿನಲ್ಲಿ ಬಹಳ ಕಡಿಮೆ ಬೆಳಕು ಕೊಡುತ್ತದೆ. 690ರ ಹೊಳಪನ್ನು ಕಣ್ಣಿನಿಂದ ನೋಡುವುದು ಹೆಚ್ಚು ಕಡಿಮೆ ಆಗದ ಮಾತು. ಮಾಮೂಲಿ ಕಲರ್ ಕ್ಯಾಮೆರಾದೊಳಗೆ ದೂರದ ಕೆಂಪನ್ನು ತಡೆಯುವ ಗಾಜು ಕೂತಿರುತ್ತದೆ. ದುಬಾರಿ ಕಡುಗೆಂಪು ಪ್ರೋಬ್ ತರಿಸಿ, ಐಪೀಸಿಗೆ ಕಣ್ಣಿಟ್ಟು, "ಏನೂ ಕಾಣ್ತಿಲ್ಲ" ಎಂದು ಪ್ರೋಬನ್ನೇ ಬೈದವರನ್ನು ನೋಡಿದ್ದೇನೆ. ಪಾಪ, ಪ್ರೋಬ್ ಹೊಳೆಯುತ್ತಲೇ ಇತ್ತು.

ದೀಪದ ಬಗ್ಗೆ ಇನ್ನೊಂದು ಮಾತು. ಮರ್ಕ್ಯುರಿ ಬಲ್ಬಿನ ಆಯಸ್ಸು ಸುಮಾರು 200–300 ಗಂಟೆ. ಆರಿದ ಮೇಲೆ ಪೂರ್ತಿ ತಣಿಯುವ ತನಕ ಮತ್ತೆ ಹಚ್ಚಬಾರದು. ಕರೆಂಟ್ ಹೋಗಿ ಬಂದು ಮಾಡುವ ಊರಿನಲ್ಲಿ ಗಂಟೆಗಟ್ಟಲೆ ನಡೆಯುವ ಪ್ರಯೋಗಕ್ಕೆ ಎಲ್‌ಇಡಿ ದೀಪವೇ ವಾಸಿ.

ಎರಡನೆಯದು, ನೀವು ನೋಡುವ ಜೀವಿ ತಾನೇ ಎಷ್ಟು ಹೊಳೆಯುತ್ತದೆ? ಎಲ್ಲ ಜೀವಕೋಶಗಳಲ್ಲೂ ಎನ್‌ಎಡಿಎಚ್ ನೀಲಿಯಾಗಿ, ಫ್ಲೇವಿನ್ ಹಸಿರಾಗಿ ಮಿನುಗುತ್ತವೆ, ಎರಡೂ ಕೋಶದ್ದೇ ಸಣ್ಣ ಅಣುಗಳು. ಎಲೆಯ ಪತ್ರಹರಿತ್ತು 680ರ ಸುತ್ತ ಕೆಂಪಗೆ ಹೊಳೆಯುತ್ತದೆ. ಸಿ. ಎಲಿಗನ್ಸ್ ಹುಳುವಿನ ಕರುಳಿನ ಕಣಗಳು ಬಣ್ಣ ಹಾಕದೆಯೇ ಹೊಳೆಯುತ್ತವೆ. ಜೀಬ್ರಾ ಮೀನಿನ ಮರಿಯ ಹಳದಿ ಚೀಲವೂ ಅಷ್ಟೆ. ನಮ್ಮ ಜಿಲ್ಲೆಯ ಮೆಕ್ಕೆಜೋಳವಂತೂ ಕೇಳಲೇಬೇಡಿ. ಅದರ ಕೋಶಭಿತ್ತಿಯಲ್ಲಿ ಫೆರುಲಿಕ್ ಆಮ್ಲ ಇದೆ, ಯುವಿ ಬಿದ್ದರೆ ನೀಲಿ. ಮೆಕ್ಕೆಜೋಳದ ಬೇರಿನೊಳಗೆ ನೀಲಿ ಪ್ರೋಬ್ ಹಾಕುವುದು ಬಿಳಿ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಂತೆ.

ಮೂರನೆಯದು, ಒಳಗೆ ಹೋಗುತ್ತದೆಯೇ? ಮೀನಿನ ಮರಿ ಮೊದಲ ಕೆಲವು ದಿನ ಪಾರದರ್ಶಕ, ನೀರಿನಿಂದ ಸಣ್ಣ ಅಣುಗಳನ್ನು ಚರ್ಮದ ಮೂಲಕ ತೆಗೆದುಕೊಳ್ಳುತ್ತದೆ. ಹುಳುವಿನ ಹೊರಚರ್ಮ ಗಟ್ಟಿ. ಅದಕ್ಕೆ ತಿನ್ನಿಸಬೇಕು, ಇಲ್ಲವೇ ಚುಚ್ಚಬೇಕು. ನಾಲ್ಕನೆಯದು, ಆ ಗಂಟನ್ನು ಬೇರೆ ಯಾರು ಯಾರು ಕತ್ತರಿಸುತ್ತಾರೆ? ಇದನ್ನು ಒಂದೊಂದು ಪ್ರೋಬಿನ ಜೊತೆಗೇ ಹೇಳುತ್ತೇನೆ.

ಐದನೆಯದೇ ನನ್ನ ಹಠ: ಹೊಳೆದ ಬಣ್ಣ ಕತ್ತರಿಸಿದ ಜಾಗದಲ್ಲೇ ಉಳಿಯುತ್ತದೆಯೇ? ರಾಮ್ ಅಂಡ್ ಕೋ ಸರ್ಕಲ್ಲಿನ ಹೋಳಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಎಲ್ಲರ ಅಂಗಿಯ ಮೇಲೂ ಬಣ್ಣ. ಮೊದಲ ಮುಷ್ಟಿ ಯಾರು ಎರಚಿದರು, ಎಲ್ಲಿ ನಿಂತು ಎರಚಿದರು, ಹೇಳಿ ನೋಡೋಣ. ಸೋರುವ ಪ್ರೋಬ್ ಕೊಡುವ ಚಿತ್ರ ಅಂಥದ್ದು.

ಗ್ರಾಂ ಲೆಕ್ಕದಲ್ಲಿ ಸಿಗುವವು

ಎಲ್ಲಕ್ಕಿಂತ ಅಗ್ಗದ್ದು ಫ್ಲೋರೆಸೀನ್ ಡೈಅಸಿಟೇಟ್, ಲ್ಯಾಬಿನ ಭಾಷೆಯಲ್ಲಿ ಎಫ್‌ಡಿಎ. ಉಳಿದವು ಗುಲಗಂಜಿ ತೂಕದಲ್ಲಿ ಬಂದರೆ ಇದು ಮಂಡಕ್ಕಿಯ ಹಾಗೆ, ಗ್ರಾಂ ಲೆಕ್ಕದ ಬಾಟಲಿಯಲ್ಲೇ ಬರುತ್ತದೆ. ಎಸ್ಟರೇಸ್‌ಗಳು (ಎಸ್ಟರ್ ಎಂಬ ಗಂಟು ಬಿಚ್ಚುವ ಕಿಣ್ವಗಳು) ಕತ್ತರಿಸಿದರೆ ಫ್ಲೋರೆಸೀನ್ ಆಗುತ್ತದೆ. ಸುಮಾರು 490ರ ಬೆಳಕು ಕುಡಿದು 515ರ ಸುತ್ತ ಹಸಿರು ಕೊಡುತ್ತದೆ. ಎಲ್ಲರ ಹತ್ತಿರವೂ ಇರುವ ಫಿಲ್ಟರ್‌ಗೆ ಸರಿಯಾಗಿ ಕೂರುತ್ತದೆ. ಪರಾಗದಲ್ಲಿ ಜೀವ ಇದೆಯೇ ಎಂದು 1970ರಿಂದಲೂ ಇದರಲ್ಲೇ ನೋಡುತ್ತಾರೆ.

ಆದರೆ ಇದು ಸೋರುತ್ತದೆ. ನಾನು ಮೊದಲ ಸಲ ಮೀನಿನ ಮರಿಗೆ ಹಾಕಿದಾಗ ಹತ್ತು ನಿಮಿಷಕ್ಕೆ ಕರುಳು ಹೊಳೆಯಿತು. ಖುಷಿಯಲ್ಲಿ ಚಹಾ ಕುಡಿದು ಬಂದೆ. ಬರುವಷ್ಟರಲ್ಲಿ ಮರಿ, ನೀರು, ತಟ್ಟೆ ಎಲ್ಲ ಹಸಿರು. ಕರುಳಲ್ಲಿ ಕಂಡದ್ದು ಅಲ್ಲೇ ಕತ್ತರಿಸಿದ್ದೋ, ಬೇರೆಡೆ ಹೊಳೆದು ಬಂದು ಸೇರಿದ್ದೋ, ಇವತ್ತಿಗೂ ಹೇಳಲಾರೆ. ಇನ್ನೂ ಒಂದಿದೆ. ಎಸ್ಟರೇಸ್ ಜೊತೆಗೆ ಕೊಬ್ಬು, ಪ್ರೋಟೀನು ಕತ್ತರಿಸುವ ಲೈಪೇಸ್, ಪ್ರೋಟಿಯೇಸ್‌ಗಳೂ ಇದನ್ನು ಕತ್ತರಿಸುತ್ತವೆ. ಕ್ಷಾರ ಜಾಸ್ತಿಯಾದರೆ ಬರೀ ನೀರೂ ಕತ್ತರಿಸುತ್ತದೆ. "ಜೀವ ಇದೆಯೇ, ಇಲ್ಲವೇ" ಎಂಬುದಕ್ಕೆ, ಕೈ ಪಳಗಿಸಿಕೊಳ್ಳುವುದಕ್ಕೆ ಇದು ಚಿನ್ನ. "ಯಾವ ಕಿಣ್ವ, ಎಲ್ಲಿ" ಎಂಬುದಕ್ಕೆ ಬೇಡ.

ಅದರ ಅಕ್ಕ ಕ್ಯಾಲ್ಸೀನ್-ಎಎಂ. ಇದು ಮಿಲಿಗ್ರಾಂ ಲೆಕ್ಕ. ಕತ್ತರಿಸಿದ ಮೇಲೆ ಮೈತುಂಬ ಋಣ ಚಾರ್ಜ್ ಹೊತ್ತಿರುವುದರಿಂದ ಕೋಶದಿಂದ ಬೇಗ ಹೊರಬೀಳುವುದಿಲ್ಲ. ಆಮ್ಲಕ್ಕೂ ಅಷ್ಟಾಗಿ ಮಂಕಾಗುವುದಿಲ್ಲ. ಕೋಶಮಟ್ಟದ ಚಿತ್ರ ಬೇಕಾದರೆ ಜಾಸ್ತಿ ದುಡ್ಡಿಗೆ ತಕ್ಕದ್ದು. ಎಚ್ಚರ ಒಂದೇ. ಎಎಂ ಎಸ್ಟರ್‌ಗೆ ತೇವ ತಗುಲಿದರೆ ಸೀಸೆಯಲ್ಲೇ ಕತ್ತರಿಸಿಕೊಳ್ಳುತ್ತದೆ. ಹಾಗೆ ಬಿಡುಗಡೆಯಾದ ಕ್ಯಾಲ್ಸೀನ್ ಮೀನಿನ ಮರಿಯ ಎಳೆ ಮೂಳೆಗೆ ಅಂಟುವ ಬಣ್ಣ. ಮೂಳೆ ನೋಡಲೆಂದೇ ಅದನ್ನು ಬಳಸುವವರಿದ್ದಾರೆ. ಬೆನ್ನುಮೂಳೆ ಹೊಳೆದರೆ "ಎಸ್ಟರೇಸ್ ಸಿಕ್ಕಿತು" ಎಂದು ಬರೆಯಬೇಡಿ.

ಕೀಟನಾಶಕದ ಪ್ರಾಜೆಕ್ಟ್ ಮಾಡುವವರು ಇಲ್ಲೇ ಎಡವುತ್ತಾರೆ. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್‌ಗಳು ಕಾರ್ಬಾಕ್ಸಿಲೆಸ್ಟರೇಸನ್ನೂ ತಡೆಯುತ್ತವೆ, ಅಸಿಟೈಲ್‌ಕೋಲಿನೆಸ್ಟರೇಸನ್ನೂ ತಡೆಯುತ್ತವೆ. ಎಫ್‌ಡಿಎ ಹೊಳಪು ಇಳಿದರೆ ಎರಡನೆಯದು, ಅಂದರೆ ನರಗಳ ಸಂದೇಶ ನಿಲ್ಲಿಸುವ ಕಿಣ್ವ, ನಿಂತಿತು ಎಂದು ಹೇಳಲು ಬರುವುದಿಲ್ಲ. ನಿಮಗೆ ಅಸಿಟೈಲ್‌ಕೋಲಿನೆಸ್ಟರೇಸೇ ಬೇಕು, ಯಾವ ಜಾಗ ಎಂಬುದು ಮುಖ್ಯವಲ್ಲ ಎಂದರೆ ಪ್ರೋಬಿನ ಗೊಡವೆಯೇ ಬೇಡ. ಅರೆದು, 1961ರ ಎಲ್‌ಮನ್ ವಿಧಾನದಲ್ಲಿ 412 ನ್ಯಾನೋಮೀಟರಿಗೆ ಓದಿ. ಹಳದಿ ಬಣ್ಣ, ಹಳೆಯ ಯಂತ್ರ, ಗಟ್ಟಿ ಉತ್ತರ. ಜೀವಂತವಾಗಿ ನೋಡಲೇಬೇಕೇ ಎಂದು ಒಮ್ಮೆ ಕೇಳಿಕೊಂಡರೆ ಅರ್ಧ ಜನರ ಖರ್ಚು ಉಳಿಯುತ್ತದೆ.

ಸೂಕ್ಷ್ಮದರ್ಶಕವೇ ಇಲ್ಲದವರಿಗೆ

ಇದನ್ನು ಕ್ಯಾಟಲಾಗಿನಲ್ಲಿ ಯಾರೂ ತೋರಿಸುವುದಿಲ್ಲ, ನನಗೋ ಬಲು ಇಷ್ಟ. 4-ಮೀಥೈಲ್‌ಅಂಬೆಲಿಫೆರೋನ್, ಚಿಕ್ಕದಾಗಿ ಎಂಯುಎಫ್, ಯುವಿ ಕೆಳಗೆ ನೀಲಿ ಹೊಳೆಯುವ ಬಣ್ಣ. ಅದಕ್ಕೆ ಫಾಸ್ಫೇಟ್ ಕಟ್ಟಿದ್ದನ್ನು ತೆಳು ನೈಲಾನ್ ಪೊರೆಗೆ ಹೀರಿಸಿ. ಮುಂಬದಿ ತೆಗೆಯಬಹುದಾದ ಚಪ್ಪಟೆ ಪೆಟ್ಟಿಗೆಯಲ್ಲಿ ಮೆಕ್ಕೆಜೋಳದ ಸಸಿ ಬೆಳೆಸಿ. ಬೇರು ಕಾಣುವ ಬದಿಗೆ ಪೊರೆ ಒತ್ತಿ, ಕತ್ತಲಲ್ಲಿ ಒಂದು ಗಂಟೆಯ ಆಸುಪಾಸು ಬಿಡಿ. ಪೊರೆ ಎತ್ತಿ ಯುವಿ ದೀಪದಡಿ ಫೋಟೋ ತೆಗೆಯಿರಿ. ಬೇರು ಎಲ್ಲಿ ಫಾಸ್ಫಟೇಸ್ (ಫಾಸ್ಫೇಟ್ ಕಳಚುವ ಕಿಣ್ವ) ಬಿಡುತ್ತಿದೆಯೋ ಅಲ್ಲಿ ನೀಲಿ ಗೆರೆ. ಇದಕ್ಕೆ ಮಣ್ಣಿನ ಜೈಮೋಗ್ರಫಿ ಎನ್ನುತ್ತಾರೆ. ಫೋಟೋ ಪೊರೆಯದ್ದೇ ಹೊರತು ಬೇರಿನದಲ್ಲ, ಹಾಗಾಗಿ ಕೋಶಭಿತ್ತಿಯ ನೀಲಿ ಅಡ್ಡ ಬರುವುದಿಲ್ಲ. ಗಿಡ ಜೀವಂತವಾಗಿಯೇ ಇರುತ್ತದೆ, ವಾರ ಬಿಟ್ಟು ಮತ್ತೆ ನೋಡಬಹುದು. ಕೆಂಪು ಮಣ್ಣು, ಕರಿ ಮಣ್ಣು ಎರಡೂ ನಮ್ಮಲ್ಲಿವೆ, ಹೋಲಿಸಲು ಬೇರೆಲ್ಲೂ ಹೋಗಬೇಕಿಲ್ಲ.

ಕೊರತೆ ಏನು? ಪೊರೆಯಲ್ಲೂ ಬಣ್ಣ ಸ್ವಲ್ಪ ಹರಡುತ್ತದೆ, ಕೋಶಮಟ್ಟ ಸಿಗುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳ ಪಾಲೂ ಅದರಲ್ಲಿ ಸೇರಿರುತ್ತದೆ. ಆಮ್ಲದಲ್ಲಿ ಎಂಯುಎಫ್ ಮಂಕು, ಕ್ಷಾರದಲ್ಲಿ ಪ್ರಖರ. ಹಾಗಾಗಿ ಗೊತ್ತಿರುವ ಪ್ರಮಾಣದ ಎಂಯುಎಫ್ ಹೀರಿಸಿದ ಪೊರೆಗಳನ್ನು ಅದೇ ಬಫರ್‌ನಲ್ಲಿ ಪಕ್ಕಕ್ಕೆ ಇಟ್ಟು ಅಳೆಯಬೇಕು. ಯುವಿಗೆ ಕನ್ನಡಕ ಕಡ್ಡಾಯ.

ಸಕ್ಕರೆ ಕಟ್ಟಿದವು

ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನು ಕಳಚುವ ಬೀಟಾ-ಗ್ಯಾಲಕ್ಟೋಸಿಡೇಸ್ ನೋಡುವವರು ಎರಡು ಪಂಗಡ. ಲ್ಯಾಕ್‌ಜೀ ಎಂಬ, ಈ ಕಿಣ್ವ ಮಾಡುವ ಜೀನ್ ಹಾಕಿದ ಜೀವಿ ಇರುವವರು ಒಂದು. ಮುದಿಯಾದ ಕೋಶಗಳನ್ನು ಹುಡುಕುವವರು ಇನ್ನೊಂದು. 1995ರಿಂದ ಪಿಎಚ್ 6ರಲ್ಲಿ ಈ ಕಿಣ್ವದ ಬಣ್ಣವೇ ಮುದಿತನದ ಗುರುತು. ಸತ್ತ ಅಂಗಾಂಶ ಸಾಕು ಎಂದರೆ ಎಕ್ಸ್-ಗ್ಯಾಲ್ ನೀಲಿ ಕಲೆ ಸಾಕು, ಮಾಮೂಲಿ ಸೂಕ್ಷ್ಮದರ್ಶಕ ಸಾಕು.

ಜೀವಂತವೇ ಬೇಕೆಂದರೆ ಹಳೆಯ ಹಾದಿ ಎಫ್‌ಡಿಜಿ. ಫ್ಲೋರೆಸೀನಿಗೆ ಎರಡು ಗ್ಯಾಲಕ್ಟೋಸ್ ಕಟ್ಟಿದ್ದು. ಎರಡೂ ಬಿದ್ದ ಮೇಲೇ ಪೂರ್ತಿ ಹೊಳಪು. ಕೋಶದೊಳಗೆ ಸುಲಭಕ್ಕೆ ಹೋಗುವುದಿಲ್ಲ, ಹೋಗಿ ಹೊಳೆದ ಮೇಲೆ ಅದೇ ಸೋರುವ ಫ್ಲೋರೆಸೀನ್. ಹೊಸ ಹಾದಿ ಜಪಾನಿನ ಯಸುತೆರು ಉರಾನೋ ಗುಂಪಿನ ಸ್ಪೈಡರ್-ಬೀಟಾಗ್ಯಾಲ್, 2016ರದ್ದು. ಇದರ ಉಪಾಯ ಚೆನ್ನಾಗಿದೆ. ಸಕ್ಕರೆ ಬಿದ್ದ ಕೂಡಲೇ ಅಣು ಅಂಟಂಟಾಗುತ್ತದೆ, ಪಕ್ಕದ ಪ್ರೋಟೀನಿಗೆ ಅಂಟಿಕೊಂಡೇ ಹೊಳೆಯುತ್ತದೆ. ಬೆಲ್ಲದ ಪಾಕ ಕೈಗೆ ಹತ್ತಿದಂತೆ, ತೊಳೆದರೂ ಹೋಗುವುದಿಲ್ಲ. ಒಂದೊಂದು ಕೋಶ ಬಿಡಿಸಿ ಕಾಣುತ್ತದೆ, ಹಸಿರು ಫಿಲ್ಟರ್ ಸಾಕು. ಬರುವುದು ಮಾತ್ರ ಮೈಕ್ರೋಗ್ರಾಂ ಲೆಕ್ಕದಲ್ಲಿ. ಎಂಟು-ಹತ್ತು ಮಾದರಿಯ ಒಂದು ಒಳ್ಳೆಯ ಪ್ರಯೋಗಕ್ಕೆ ತರಿಸಿ, ಕಲಿಯುವುದಕ್ಕಲ್ಲ. ಕರುಳು ನೋಡುವವರು ನೆನಪಿಡಿ: ಕರುಳಿನ ಬ್ಯಾಕ್ಟೀರಿಯಾಗಳಲ್ಲೂ ಈ ಕಿಣ್ವ ಇದೆ.

ಪ್ರೋಟೀನ್ ಕತ್ತರಿಸುವ ಕಿಣ್ವಗಳು

ಪ್ರಶ್ನೆ ಜಾಸ್ತಿ ಬರುವುದೂ ಇಲ್ಲಿಯೇ, ದುಡ್ಡು ಹಾಳಾಗುವುದೂ ಇಲ್ಲಿಯೇ.

ಪೆಪ್ಟೈಡಿಗೆ ಎಎಂಸಿ ಎಂಬ ನೀಲಿ ಬಣ್ಣ ಕಟ್ಟಿದವು ಹೇರಳವಾಗಿ ಸಿಗುತ್ತವೆ. ಅರೆದ ರಸವನ್ನು ಪ್ಲೇಟ್ ರೀಡರ್‌ನಲ್ಲಿ ಓದಲು ಒಳ್ಳೆಯವು. ಜೀವಂತ ದೇಹಕ್ಕೆ ಬೇಡ ಅನ್ನುತ್ತೇನೆ. ಯುವಿ ಬೆಳಕು ಜೀವಿಗೆ ಹಿಂಸೆ, ಹಿನ್ನೆಲೆಯೆಲ್ಲ ನೀಲಿ, ಬಣ್ಣವೂ ಸೋರುತ್ತದೆ.

ಕೋಶ ತಾನೇ ಸಾಯುವಾಗ ಕೆಲಸ ಮಾಡುವ ಕ್ಯಾಸ್ಪೇಸ್-3 ಬೇಕಾದವರಿಗೆ ಡಿಇವಿಡಿ ಎಂಬ ನಾಲ್ಕಕ್ಷರದ ಪೆಪ್ಟೈಡ್ ಕಟ್ಟಿದ ನ್ಯೂಕ್‌ವ್ಯೂ 488 ತರಹದ್ದು ನನ್ನ ಮೊದಲ ಆಯ್ಕೆ. ಗಂಟು ಕತ್ತರಿಸಿದ ಮೇಲೆ ಬಣ್ಣ ಕೋಶಕೇಂದ್ರಕ್ಕೆ ಹೋಗಿ ಡಿಎನ್‌ಎಗೆ ಅಂಟಿ ಹೊಳೆಯುತ್ತದೆ. ಉಳಿಯುವ ಜಾಗ ಗೊತ್ತಿದೆ, ತೊಳೆಯುವ ತಾಪತ್ರಯವಿಲ್ಲ. ಕ್ಯಾಸ್ಪೇಸ್-7 ಕೂಡ ಇದನ್ನು ಕತ್ತರಿಸುತ್ತದೆ ಎಂದು ವರದಿಯಲ್ಲಿ ಬರೆಯಿರಿ. "ಅಕ್ರಿಡೀನ್ ಆರೆಂಜ್ ಅಗ್ಗ, ಅದೇ ಹಾಕ್ತೀವಿ" ಅನ್ನುವವರಿಗೆ: ಹಾಕಿ, ಸಾಯುವ ಕೋಶ ಕಾಣುತ್ತದೆ. ಕಿಣ್ವದ ಸುದ್ದಿ ಅದು ಹೇಳುವುದಿಲ್ಲ.

ಕ್ಯಾಥೆಪ್ಸಿನ್‌ಗಳ ಕಥೆ ಬೇರೆ. ಪ್ರೋಟೀನ್ ಕತ್ತರಿಸುವ ಈ ಕಿಣ್ವಗಳು ಇರುವುದು ಲೈಸೋಸೋಮ್ ಎಂಬ, ಕೋಶದ ಕಸ ಅರಗಿಸುವ ಚೀಲದಲ್ಲಿ, ಅಲ್ಲಿ ಪಿಎಚ್ 4.5ರಿಂದ 5. ಫ್ಲೋರೆಸೀನಿನ ಹೊಳಪು 6.4ರ ಕೆಳಗೆ ಕುಸಿಯುತ್ತದೆ. ಹಾಗಾಗಿ ಫ್ಲೋರೆಸೀನ್ ಕಟ್ಟಿದ ಕ್ಯಾಥೆಪ್ಸಿನ್ ಪ್ರೋಬ್ ಕಂಡರೆ ಪುಟ ತಿರುಗಿಸಿ. ಕ್ರೆಸಿಲ್ ವಯಲೆಟ್ ಬಳಸುವ ಮ್ಯಾಜಿಕ್ ರೆಡ್ ಕಿತ್ತಳೆ-ಕೆಂಪು ಫಿಲ್ಟರ್‌ನಲ್ಲಿ ನಡೆಯುತ್ತದೆ. ಸಿವೈ5 ಇಲ್ಲದ ಲ್ಯಾಬಿಗೆ ಇದೇ ಸರಿ.

ಇನ್ನೊಂದು ಬಗೆಯಲ್ಲಿ ಪ್ರೋಬ್ ಕಿಣ್ವದ ಬಾಯಿಗೇ ಸಿಕ್ಕಿಕೊಳ್ಳುತ್ತದೆ. ಕಿಣ್ವ ಕತ್ತರಿಸಲು ಹೋಗಿ ಅದಕ್ಕೇ ಶಾಶ್ವತವಾಗಿ ಅಂಟುತ್ತದೆ, ಅಡಗಿಸಿದ ಭಾಗ ಕಳಚಿ ಬಣ್ಣ ಹೊಳೆಯುತ್ತದೆ. 2005ರಲ್ಲಿ ಮ್ಯಾಥ್ಯೂ ಬೋಗಿಯೋ ಗುಂಪು ಇಂಥದ್ದನ್ನು ಮೊದಲು ತೋರಿಸಿತು. 2013ರ ಬಿಎಂವಿ109 ಹಲವು ಸಿಸ್ಟೀನ್ ಕ್ಯಾಥೆಪ್ಸಿನ್‌ಗಳಿಗೆ ಒಟ್ಟಿಗೆ ಅಂಟುವ, ಸಿವೈ5 ಬಣ್ಣದ್ದು. ಇಲ್ಲಿ ಬಣ್ಣ ಕದಲುವ ಪ್ರಶ್ನೆಯೇ ಇಲ್ಲ. ಇನ್ನೂ ದೊಡ್ಡ ಲಾಭವಿದೆ. ಚಿತ್ರ ತೆಗೆದ ಅದೇ ಜೀವಿಯನ್ನು ಅರೆದು ಜೆಲ್ ಓಡಿಸಿದರೆ ಯಾವ ತೂಕದ ಕಿಣ್ವ ಹೊಳೆಯಿತು ಎಂದು ಪಟ್ಟೆಗಳಲ್ಲಿ ಕಾಣುತ್ತದೆ. ಬೇರೆ ಯಾವ ಪ್ರೋಬೂ ಈ ಸಾಕ್ಷಿ ಕೊಡುವುದಿಲ್ಲ.

ಅದಕ್ಕೆ ಕೊಡುವ ಬೆಲೆ ಹೊಳಪು. ಕತ್ತರಿಸುವ ಪ್ರೋಬ್‌ನಲ್ಲಿ ಒಂದೇ ಕಿಣ್ವ ನೂರಾರು ಅಣು ಕತ್ತರಿಸಿ ಬೆಳಕು ಗುಡ್ಡೆ ಹಾಕುತ್ತದೆ. ಅಂಟುವ ಪ್ರೋಬ್‌ನಲ್ಲಿ ಒಂದು ಕಿಣ್ವಕ್ಕೆ ಒಂದೇ ದೀಪ. ಜೊತೆಗೆ ಅಂಟಿದ ಕಿಣ್ವ ಕೆಲಸ ನಿಲ್ಲಿಸುತ್ತದೆ, ಅಂದರೆ ನೋಡುವ ಕೆಲಸವೇ ಅದನ್ನು ಕೊಲ್ಲುತ್ತದೆ. ಒಂದು ಗಳಿಗೆಯ ಚಿತ್ರ ಬೇಕಾದವರಿಗೆ ತೊಂದರೆಯಿಲ್ಲ. ಮೂರು ದಿನ ಏರಿಳಿತ ನೋಡುವವರಿಗೆ ಇದು ಅಲ್ಲ.

ಏರಿಳಿತ ನೋಡುವವರಿಗೆ ಹಣ್ಣಿನ ನೊಣ

ದಿನಗಟ್ಟಲೆ ನೋಡಬೇಕಾದರೆ ಜೀವಿಯೇ ಪ್ರೋಬ್ ತಯಾರಿಸಿಕೊಳ್ಳಲಿ. 2008ರ ಅಪೋಲೈನರ್ ಹಣ್ಣಿನ ನೊಣಕ್ಕೆಂದು ಮಾಡಿದ್ದು. ಪೊರೆಗೆ ಕಟ್ಟಿದ ಕೆಂಪು ಪ್ರೋಟೀನ್, ಅದಕ್ಕೆ ಜೋಡಿಸಿದ ಹಸಿರು ಪ್ರೋಟೀನ್, ನಡುವೆ ಕ್ಯಾಸ್ಪೇಸ್ ಕತ್ತರಿಸುವ ಜಾಗ. ಕತ್ತರಿಸಿದರೆ ಹಸಿರು ಕೋಶಕೇಂದ್ರಕ್ಕೆ ಓಡುತ್ತದೆ, ಕೆಂಪು ಪೊರೆಯಲ್ಲೇ ಉಳಿಯುತ್ತದೆ. ಒಳಗೆ ಹೋಗುತ್ತದೆಯೇ ಎಂಬ ಪ್ರಶ್ನೆಯೂ ಇಲ್ಲ, ಆರ್ಡರ್ ಹಾಕುವ ಖರ್ಚೂ ಇಲ್ಲ. ತಳಿ ಒಮ್ಮೆ ಬಂದರೆ ವರ್ಷಗಟ್ಟಲೆ ರವೆ-ಬೆಲ್ಲದ ಗಂಜಿಯಲ್ಲಿ ಸಾಕಬಹುದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಹಣ್ಣಿನ ನೊಣದ ತಳಿಗಳ ಕೇಂದ್ರವೇ ಇದೆ, ಸಾಕುವುದನ್ನು ಕಲಿಯಲು ದೂರ ಹೋಗಬೇಕಿಲ್ಲ. ಕಷ್ಟ ಎರಡು. ಸಂಕರ ಮಾಡಿ ಮರಿ ಸಿಗಲು ಸಮಯ ಬೇಕು, ಆರು ತಿಂಗಳ ಪ್ರಾಜೆಕ್ಟಿಗೆ ಮೊದಲ ತಿಂಗಳೇ ಶುರುಮಾಡಬೇಕು. ನಮ್ಮ ಏಪ್ರಿಲ್ ಬಿಸಿಲಲ್ಲಿ 25 ಡಿಗ್ರಿಯ ಇನ್‌ಕ್ಯುಬೇಟರ್ ಇಲ್ಲದಿದ್ದರೆ ನೊಣ ಉಳಿಯುವುದಿಲ್ಲ.

ಮೀನಿಗೆ ಈ ಬಿಸಿಲು ಅಷ್ಟು ಕಷ್ಟವಲ್ಲ, ಅದಕ್ಕೆ 28.5 ಡಿಗ್ರಿ ಬೇಕು. ಆದರೆ ಬೋರ್‌ವೆಲ್ ನೀರು ಬೇಡ. ಚಿತ್ರದುರ್ಗದ ಕಡೆ ಫ್ಲೋರೈಡ್ ಬೇರೆ. ಆರ್‌ಒ ನೀರಿಗೆ ಲವಣ ಸೇರಿಸಿದ ಇ3 ದ್ರಾವಣವೇ ಇರಲಿ. ಮೈಗಪ್ಪು ಮೂಡದಿರಲು ಮೊಟ್ಟೆ ಫಲಿತವಾದ 24 ಗಂಟೆಯೊಳಗೆ 0.003% ಪಿಟಿಯು ಎಂಬ ರಾಸಾಯನಿಕ ಹಾಕಿ. ಮೀನು ಬೆನ್ನೆಲುಬಿರುವ ಪ್ರಾಣಿ, ಹಾಗಾಗಿ ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಯನ್ನು ಮೊದಲೇ ಕೇಳಿ. ನೊಣಕ್ಕೂ ಹುಳುವಿಗೂ ಆ ಕಾಗದಪತ್ರ ಇಲ್ಲ.

ಇಲಿಯ ಆಸೆ ಇರುವವರಿಗೆ

ಬಿಡಿ ಅನ್ನುತ್ತೇನೆ, ನಮ್ಮಲ್ಲಿರುವ ಸಲಕರಣೆಗೆ. ರಕ್ತದ ಹಿಮೋಗ್ಲೋಬಿನ್ 600ರ ಕೆಳಗಿನ ಬೆಳಕನ್ನು ನುಂಗುತ್ತದೆ. 650ರಿಂದ 900ರ ಕಿಟಕಿಯಲ್ಲಿ ನೋಡುವ ಕ್ಯಾಮೆರಾ ಪೆಟ್ಟಿಗೆಯೇ ಬೇಕು. 1999ರಲ್ಲಿ ರಾಲ್ಫ್ ವೈಸ್‌ಲೆಡರ್ ಗುಂಪು ಇಲಿಯ ಕ್ಯಾನ್ಸರ್ ಗೆಡ್ಡೆಯ ಪ್ರೋಟಿಯೇಸನ್ನು ಹಾಗೆ ತೋರಿಸಿತು. 2011ರಲ್ಲಿ ಉರಾನೋ ಗುಂಪು ಸಿಂಪಡಿಸುವ ಪ್ರೋಬಿನಿಂದ ಕೆಲವೇ ನಿಮಿಷಗಳಲ್ಲಿ ಗೆಡ್ಡೆ ಹೊಳೆಯಿಸಿತು. ಕ್ಯಾಥೆಪ್ಸಿನ್ ಕತ್ತರಿಸಿದಾಗ ಹೊಳೆಯುವ ಲುಮಿಸೈಟ್‌ಗೆ 2024ರ ಏಪ್ರಿಲ್‌ನಲ್ಲಿ, ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಇದು ಆ ಎಫ್‌ಡಿಎ, ನಮ್ಮ ಬಾಟಲಿಯದಲ್ಲ. ಒಬ್ಬ ಹುಡುಗ ಸೆಮಿನಾರಿನಲ್ಲಿ ಎರಡನ್ನೂ ಬೆರೆಸಿ ಎಲ್ಲರನ್ನೂ ನಗಿಸಿದ್ದ.

ಆರ್ಡರ್ ಹಾಕುವ ಮುಂಚೆ

ಹಸಿರು ಫಿಲ್ಟರ್ ಒಂದೇ ಇದ್ದು, ಮೀನೋ ಬೇರೋ ನೋಡುವವರು ಎಫ್‌ಡಿಎ ತರಿಸಿ ಕೈ ಪಳಗಿಸಿ, ಅಸಲಿ ಚಿತ್ರಕ್ಕೆ ಕ್ಯಾಲ್ಸೀನ್-ಎಎಂ ಹಾಕಿ. ಕೋಶ ಸಾಯುವುದನ್ನು ಒಂದು ದಿನ ನೋಡುವವರಿಗೆ ನ್ಯೂಕ್‌ವ್ಯೂ, ವಾರ ನೋಡುವವರಿಗೆ ನೊಣ. ಸೂಕ್ಷ್ಮದರ್ಶಕ ಇಲ್ಲದವರಿಗೆ ಎಂಯುಎಫ್ ಪೊರೆ. ಚಳ್ಳಕೆರೆಯಿಂದ ಕೇಳಲು ಬಂದಿದ್ದ ಒಬ್ಬ ಹುಡುಗ ಕೊನೆಗೆ ಆರಿಸಿದ್ದೂ ಅದನ್ನೇ.

ಪೊಟ್ಟಣ ಬಂದ ದಿನವೇ ತೇವವಿಲ್ಲದ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಸಣ್ಣ ಸಣ್ಣ ಟ್ಯೂಬಿಗೆ ಹಂಚಿ −20ಕ್ಕೆ ಇಡಿ. ಒಂದೇ ಸೀಸೆಯನ್ನು ಹತ್ತು ಸಲ ಕರಗಿಸಿ ಗಟ್ಟಿ ಮಾಡಬೇಡಿ. ಜೀವಿಗೆ ತಗುಲುವ ಡಿಎಂಎಸ್‌ಒ 1% ದಾಟದಿರಲಿ.

ಪ್ರೋಬಿನ ಜೊತೆಗೇ, ಅದೇ ಆರ್ಡರಿನಲ್ಲಿ, ಆ ಕಿಣ್ವವನ್ನು ತಡೆಯುವ ಔಷಧವನ್ನೂ ಸೇರಿಸಿ. ಕ್ಯಾಸ್ಪೇಸ್‌ಗೆ ಝಡ್-ವ್ಯಾಡ್, ಸಿಸ್ಟೀನ್ ಕ್ಯಾಥೆಪ್ಸಿನ್‌ಗೆ ಇ-64ಡಿ. ತಡೆದಾಗಲೂ ಅಷ್ಟೇ ಹೊಳೆದರೆ ನೀವು ನೋಡುತ್ತಿರುವುದು ಆ ಕಿಣ್ವವನ್ನಲ್ಲ. ಇನ್ನೆರಡು ಜೀವಿಗಳನ್ನು ಪಕ್ಕಕ್ಕಿಡಿ: ಬಣ್ಣವನ್ನೇ ಹಾಕದ ಒಂದು, ಗಂಟಿಲ್ಲದ ಬರೀ ಬಣ್ಣ ಹಾಕಿದ ಇನ್ನೊಂದು. ದುಡ್ಡು ಕಡಿಮೆಯಿದ್ದರೆ ಪ್ರೋಬಿನ ಪ್ರಮಾಣ ಅರ್ಧ ಮಾಡಿ, ತಡೆಯುವ ಔಷಧವನ್ನು ಮಾತ್ರ ಪಟ್ಟಿಯಿಂದ ಹೊಡೆದುಹಾಕಬೇಡಿ.